ಪರದೆಯ ಮುಂದಿನ ಬಿಡುವು

ಗುಬ್ಬಿಯ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘದ ಚರಿತ್ರೆಯನ್ನು ಹೇಳಹೊರಟವರು ಬಹುಮಟ್ಟಿಗೆ ಅದರ ವೈಭವದಿಂದಲೇ ಉಪಕ್ರಮಿಸುವುದು ವಾಡಿಕೆ. 1934ರಲ್ಲಿ ನಿಜವಾದ ಆನೆ, ಕುದುರೆ, ರಥಗಳನ್ನು ಬಯಲುರಂಗಕ್ಕೆ ಇಳಿಸಿ ಆಡಿದ ‘ಕುರುಕ್ಷೇತ್ರ’ವನ್ನೂ, ಟ್ರಿಕ್ ಸೀನುಗಳಿಂದ ಜನರನ್ನು ಬೆರಗುಗೊಳಿಸಿದ ‘ದಶಾವತಾರ’ವನ್ನೂ ಅವರು ಮೊದಲು ನೆನೆಯುತ್ತಾರೆ. ಆ ಕೀರ್ತಿ ಸಂಘಕ್ಕೆ ನ್ಯಾಯವಾಗಿ ಸಲ್ಲತಕ್ಕದ್ದೇ. ಆದರೆ ಅದರ ಐಶ್ವರ್ಯವನ್ನು ಅಳೆಯಬೇಕಾದ ಎಡೆ ಬೇರೊಂದುಂಟೆಂದು ನನ್ನ ನಂಬಿಕೆ. ಒಂದು ಭಾರಿ ದೃಶ್ಯ ಮುಗಿದು, ಮತ್ತೊಂದು ಅರಮನೆಯೋ ಅರಣ್ಯವೋ ಒಳಗೆ ಸಜ್ಜಾಗುವ ತನಕ, ರಂಗದ ಮುಂಭಾಗದಲ್ಲಿ ಬೀದಿಯ ಚಿತ್ರವಿದ್ದ ಪರದೆಯೊಂದು ಇಳಿಯುತ್ತಿದ್ದಿತು; ಆ ಪರದೆಗೂ ದೀಪದ ಸಾಲಿಗೂ ನಡುವಣ ಕಿರಿದಾದ ಜಾಗದಲ್ಲಿ ನಿಂತು, ಒಳಗಿನಿಂದ ಸೀಟಿ ಕೇಳಿಸುವವರೆಗೆ, ಹಾಸ್ಯಗಾರನಾದವನು ಸಭೆಯನ್ನು ಹಿಡಿದಿಡಬೇಕಾಗಿದ್ದಿತು. ಕಥೆ ಹೇಳುವ ಕಾರ್ಯವನ್ನು ಯಂತ್ರಕ್ಕೆ ಒಪ್ಪಿಸಿದಾಗ ದೊರೆಯುವುದೇನು, ತಪ್ಪಿಹೋಗುವುದೇನು ಎಂಬ ಪ್ರಶ್ನೆ ಇಂದು ಕಂಪ್ಯೂಟರಿನಲ್ಲಿ ಪಾತ್ರಾಭಿನಯದ ಆಟಗಳನ್ನು ಕಟ್ಟುವವರ ಮುಂದೆ ನಿಂತಿರುವುದಷ್ಟೆ. ತುಮಕೂರು ಸೀಮೆಯ ರಂಗಭೂಮಿಗೆ ಆ ಪ್ರಶ್ನೆ ಹೊಸತಲ್ಲ, ಮತ್ತು ಅದು ಕೊಟ್ಟ ಉತ್ತರವೆಲ್ಲವೂ ಪರದೆಯ ಮುಂದಿನ ಆ ಬಿಡುವಿನಲ್ಲಿಯೇ ಅಡಗಿದೆ.

ಪರದೆ ಎಂಬುದೇ ಇಲ್ಲದ ಕಾಲದಿಂದ ಈ ಕಥೆಯನ್ನು ತೊಡಗಬೇಕು. ತುಮಕೂರು, ಗುಬ್ಬಿ, ಕುಣಿಗಲು, ತಿಪಟೂರುಗಳ ಹಳ್ಳಿಗಳಲ್ಲಿ ಸುಗ್ಗಿ ಕಳೆದ ಮೇಲೆ ನಡೆಯುತ್ತಿದ್ದ ಆಟ ಮೂಡಲಪಾಯದ್ದು. ಕರಾವಳಿಯ ಪಡುವಲಪಾಯದ ಯಕ್ಷಗಾನಕ್ಕೆ ದೊರೆತ ವಿದ್ವಜ್ಜನರ ಆದರ ಈ ಬಯಲುಸೀಮೆಯ ಬಂಧುವಿಗೆ ಬಹುಕಾಲ ದೊರೆಯಲಿಲ್ಲ; ಜೀ.ಶಂ. ಪರಮಶಿವಯ್ಯನವರಂತಹ ಜಾನಪದ ವಿದ್ವಾಂಸರು ಮನಸ್ಸಿಟ್ಟು ದುಡಿದ ಮೇಲೆಯೇ ಅದರ ಹೆಸರು ಪಂಡಿತರ ಗೋಷ್ಠಿಗಳಲ್ಲಿ ಕೇಳಿಬಂದುದು. ಹಗುರವಾದ ಮರದಲ್ಲಿ ಕೆತ್ತಿ ಬಣ್ಣ ಬಳಿದ ಕಿರೀಟ, ಭುಜಕೀರ್ತಿ, ಎದೆಹಾರಗಳು. ಮದ್ದಳೆ, ತಾಳ, ಮತ್ತು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ಊರಿಗೂ ಕೇಳಿಸುವ ಮುಖವೀಣೆ. ಹಗಲೆಲ್ಲ ಹೊಲದಲ್ಲಿ ದುಡಿದು ಇರುಳಿನಲ್ಲಿ ಹೆಜ್ಜೆ ಕಲಿತ ಒಕ್ಕಲುಮಕ್ಕಳು. ಇವರೆಲ್ಲರಿಗೂ ಗುರುವಾಗಿ, ತಿಂಗಳುಗಟ್ಟಲೆ ಪದವನ್ನೂ ಕುಣಿತವನ್ನೂ ಕಲಿಸಿ, ಆಟದ ದಿನ ಹಿಮ್ಮೇಳದೊಡನೆ ನಿಂತು ಹಾಡುವ ಭಾಗವತ. ಸೈನ್ಯಕ್ಕೆ ಕುದುರೆಗಳನ್ನು ಸಾಕುವುದರಲ್ಲಿ ಟಿಪ್ಪುವಿನ ಕಾಲದಿಂದಲೂ ಹೆಸರಾದ ಕುಣಿಗಲಿನ ಸುತ್ತಣ ಊರುಗಳಲ್ಲಿಯೂ ಬಯಲಾಟದ ಅರಸನು ಕುದುರೆಯಿಲ್ಲದೆಯೇ ಬರುತ್ತಿದ್ದನು. ಅವನು ಏರಿ ಬಂದುದು ಕುದುರೆಯೆಂಬುದನ್ನು ಅವನ ಕಾಲೇ ಹೇಳಬೇಕು, ಮದ್ದಳೆಯವನ ಬೆರಳು ಅದಕ್ಕೆ ಸಾಕ್ಷಿಯಾಗಬೇಕು. ನಿಜವಾದ ಕುದುರೆಯನ್ನು ದಿನವೂ ಕಂಡ ಜನ ಅದನ್ನು ಒಪ್ಪಿ ನೋಡುತ್ತಿದ್ದರು.

ಮೂಡಲಪಾಯದಲ್ಲಿ ಎಲ್ಲವೂ ಆ ಕ್ಷಣದ ಸ್ಫುರಣೆಯೇ ಎಂದು ಹೇಳಿದರೆ ತಪ್ಪಾದೀತು. ಪದಗಳು ಹಿಂದಿನವರು ಕಟ್ಟಿಟ್ಟವು. ಮಾತೂ ಬಹುಮಟ್ಟಿಗೆ ಗುರುಮುಖದಿಂದ ಬಾಯಿಪಾಠವಾಗಿ ಬಂದುದು. ಭಾಗವತನ ಕೈಯಲ್ಲಿ ಇದ್ದುದು ಕಾಲ. ವೀರನ ಪಾತ್ರದವನು ಬಣ್ಣ ಮುಗಿಸದೆ ತಡಮಾಡಿದರೆ ಪದವೊಂದನ್ನು ಎಳೆದು ಹಾಡುವುದು, ಜನ ತೂಕಡಿಸತೊಡಗಿದರೆ ಕರುಣರಸವನ್ನು ಮೊಟಕುಮಾಡಿ ಯುದ್ಧಕ್ಕೆ ಬರುವುದು, ಮಳೆಯ ಹನಿ ಬಿದ್ದರೆ ಕಥೆಯ ಎರಡು ಸಂಧಿಗಳನ್ನು ಹಾರಿಸಿ ಮಂಗಳಕ್ಕೆ ಸಮೀಪಿಸುವುದು, ಇವು ಯಾವ ಪ್ರಸಂಗದ ಪ್ರತಿಯಲ್ಲಿಯೂ ಬರೆದಿರುವುದಿಲ್ಲ. ಇನ್ನು ರಂಗಕ್ಕೆ ಬಂದವರನ್ನು ನೀವು ಯಾರು, ಯಾವ ದೇಶ, ಏನು ಕಾರಣ ಬಂದಿರಿ ಎಂದು ವಿಚಾರಿಸುವ ಸಾರಥಿಯ ಬಾಯಿಗೆ ಕಟ್ಟೇ ಇರಲಿಲ್ಲ. ಪುರಾಣದ ಅರಸನೊಡನೆ ಆ ಊರಿನ ಕೆರೆ ತುಂಬದ ಸುದ್ದಿಯನ್ನು ಆಡುವ ಸ್ವಾತಂತ್ರ್ಯ ಅವನಿಗೆ ಇದ್ದಿತು.

ಈ ಸ್ವಾತಂತ್ರ್ಯವನ್ನು ಅದರ ತುತ್ತತುದಿಗೆ ಒಯ್ದುದು ನಮ್ಮ ಸೀಮೆಯಲ್ಲ, ಕರಾವಳಿ ಮತ್ತು ಕಾಸರಗೋಡಿನ ಕನ್ನಡಿಗರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ನಾಲ್ಕಾರು ಜನ ಅರ್ಥಧಾರಿಗಳು ಎದುರುಬದುರಾಗಿ ಕುಳಿತು, ಭಾಗವತರು ಹಾಡಿದ ಪದದ ಆಧಾರದ ಮೇಲೆ ಅಲ್ಲಿಯೇ, ಆಗಲೇ, ಮಾತನ್ನು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು ವಾಲಿಯಾಗಿ ಕುಳಿತರೆ ರಾಮನ ಪಾತ್ರಧಾರಿಗೆ ಮುಂದೆ ಯಾವ ಪ್ರಶ್ನೆ ಬಂದೀತೆಂಬುದು ಊಹೆಗೂ ನಿಲುಕುತ್ತಿರಲಿಲ್ಲ. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಕೊನೆಗೆ ಸಾಯಲೇಬೇಕು. ಪ್ರಸಂಗದ ಆ ಕಟ್ಟನ್ನು ಯಾರೂ ಮುರಿಯರು. ಆದರೆ ಅವನು ಯಾವ ಮನಸ್ಸಿನಿಂದ ಸತ್ತನು, ರಾಮನು ಯಾವ ಮುಖದಿಂದ ಅದನ್ನು ನೋಡಿದನು ಎಂಬುದು ಆ ಇರುಳಿಗೆ ಮಾತ್ರ ಸೇರಿದ ಸಂಗತಿ. ನಿಯಮ ಗಟ್ಟಿಯಾಗಿರಬೇಕು, ಅದರೊಳಗಿನ ಮಾತು ಮುಕ್ತವಾಗಿರಬೇಕು ಎಂಬ ಈ ಏರ್ಪಾಟನ್ನು ಓದುಗರು ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಗುಬ್ಬಿ ಹಳೆಯ ಊರು. ವಿಜಯನಗರದ ಕಾಲದಲ್ಲಿ ಮಲ್ಲಣಾರ್ಯನೆಂಬ ವೀರಶೈವ ಕವಿಯನ್ನು ಕೊಟ್ಟ ಊರು; ಅಡಕೆ, ಕೊಬ್ಬರಿಗಳ ವ್ಯಾಪಾರದಿಂದಲೂ ವಾರದ ಸಂತೆಯಿಂದಲೂ ಹೆಸರಾದ ಪೇಟೆ. ನಾಟಕಕ್ಕೆ ಬೇಕಾದುದು ಜನ, ಜನರ ಕೈಯಲ್ಲಿ ಒಂದಿಷ್ಟು ಕಾಸು; ಎರಡೂ ಅಲ್ಲಿ ಇದ್ದುವು. 1884ರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮುಂತಾದ ಊರಿನ ಉತ್ಸಾಹಿಗಳು ಕೂಡಿ, ಗ್ರಾಮದೈವವಾದ ಚನ್ನಬಸವೇಶ್ವರನ ಹೆಸರಿನಲ್ಲಿ ಸಂಘವನ್ನು ಸ್ಥಾಪಿಸಿದರು. ಶಿವಶರಣನ ಹೆಸರಿನ ಸಂಘವನ್ನು ಕಟ್ಟುವುದರಲ್ಲಿ ಮುಸಲ್ಮಾನ ಗೃಹಸ್ಥರೊಬ್ಬರು ಮುಂದಾಳಾಗಿ ನಿಂತುದು ಆ ಊರಿಗೆ ಸಹಜವಾಗಿ ತೋರಿತು; ಇದನ್ನು ಎತ್ತಿ ಹೇಳುವುದು ನನಗೆ ಸಂತೋಷದ ವಿಷಯ. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರುಗಳ ಮಾರ್ಗವಾಗಿ ರೈಲು ಬಂದುದೂ ಅದೇ ದಶಕದಲ್ಲಿ. ಪರದೆಗಳ ಉರುಳೆಗಳನ್ನೂ ಪೆಟ್ಟಿಗೆಗಳನ್ನೂ ಊರಿಂದೂರಿಗೆ ಸಾಗಿಸಬಲ್ಲ ವಾಹನವಿಲ್ಲದೆ ಕಂಪನಿ ನಾಟಕ ಎಂಬುದು ಬೆಳೆಯುತ್ತಲೇ ಇರಲಿಲ್ಲ. ಬಾಲನಟನಾಗಿ ಆ ಸಂಘವನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ, 1972ರಲ್ಲಿ ಕಾಲವಾಗುವ ತನಕ, ಅದರ ಹೆಸರನ್ನೇ ತಮ್ಮ ಹೆಸರನ್ನಾಗಿ ಮಾಡಿಕೊಂಡರು.

ಕಂಪನಿಯ ಬಂಡವಾಳವೆಂದರೆ ಮುಖ್ಯವಾಗಿ ಪರದೆಗಳು. ಅರಮನೆಯ ಪರದೆ, ಕಾಡಿನ ಪರದೆ, ಉದ್ಯಾನದ ಪರದೆ, ಸೆರೆಮನೆಯದೊಂದು, ಬೀದಿಯದೊಂದು; ಪಾರ್ಸಿ ನಾಟಕ ಮಂಡಳಿಗಳ ಮಾದರಿಯನ್ನು ನೋಡಿ ಕಲಿತ ಈ ಪದ್ಧತಿಯಲ್ಲಿ ಒಮ್ಮೆ ಬರೆಯಿಸಿದ ಪರದೆ ಹತ್ತು ನಾಟಕಗಳಿಗೆ ಉಪಯೋಗವಾಗಬೇಕು. ಹರಿಶ್ಚಂದ್ರನಿಗೂ ನಳನಿಗೂ ಅರಣ್ಯ ಒಂದೇ. ಹೊಸ ನಾಟಕವನ್ನು ಬರೆಯುವ ಕವಿ ಲೇಖನಿ ಹಿಡಿಯುವ ಮೊದಲು ಕಂಪನಿಯಲ್ಲಿ ಯಾವ ಯಾವ ಪರದೆಗಳಿವೆ ಎಂದು ಕೇಳಿ ತಿಳಿಯಬೇಕಾಗಿದ್ದಿತು. ಸಮುದ್ರದ ಪರದೆ ಇಲ್ಲದಿದ್ದರೆ ನಾಯಕ ಹಡಗು ಏರುವಂತಿಲ್ಲ, ಏರಿದರೂ ಆ ಸುದ್ದಿಯನ್ನು ದೂತನೊಬ್ಬನು ಬಂದು ಹೇಳಬೇಕು. ಇದಕ್ಕಿಂತ ಕಠಿನವಾದ ಕಟ್ಟು ಮತ್ತೊಂದು: ಇಡೀ ರಂಗವನ್ನು ಆಕ್ರಮಿಸುವ ದರ್ಬಾರಿನ ದೃಶ್ಯವಾದ ಮೇಲೆ ಅಷ್ಟೇ ಆಳವಾದ ಇನ್ನೊಂದು ದೃಶ್ಯವನ್ನು ಒಡನೆಯೇ ಇರಿಸಲಾಗದು, ಸಿಂಹಾಸನವನ್ನು ಹೊತ್ತು ತೆಗೆಯಲು, ಮರಗಳನ್ನು ನಿಲ್ಲಿಸಲು, ಟ್ರಿಕ್ ಸೀನಿನ ಹಗ್ಗಗಳನ್ನು ಪರೀಕ್ಷಿಸಲು ಆಳುಗಳಿಗೆ ಸಮಯ ಬೇಕು. ಆದುದರಿಂದ ಆಳದ ದೃಶ್ಯ, ಬೀದಿಯ ದೃಶ್ಯ, ಮತ್ತೆ ಆಳದ ದೃಶ್ಯ ಎಂಬ ಕ್ರಮವನ್ನು ಕವಿ ಅನಿವಾರ್ಯವಾಗಿ ಅನುಸರಿಸುತ್ತಿದ್ದನು. ಯಂತ್ರದ ನಿಧಾನದಿಂದ ಹುಟ್ಟಿದ ಆ ಬೀದಿಯ ದೃಶ್ಯವೇ ಹಾಸ್ಯಗಾರನ ರಾಜ್ಯವಾಯಿತು. ಒಳಗೆ ಹಗ್ಗ ಸಿಕ್ಕಿಕೊಂಡರೆ ಅವನು ಇನ್ನಷ್ಟು ಮಾತನಾಡಬೇಕು. ಬೇಗನೆ ಸಿದ್ಧವಾದರೆ ಆಡುತ್ತಿದ್ದ ಮಾತನ್ನು ಅಲ್ಲಿಗೇ ಅಂದವಾಗಿ ಮುಗಿಸಬೇಕು. ರಂಗದ ಸಲಕರಣೆ ಭಾರವಾದಷ್ಟೂ ಮನುಷ್ಯನ ಸಮಯಸ್ಫೂರ್ತಿಗೆ ಅವಕಾಶ ಹೆಚ್ಚಿತೆಂಬ ಈ ವಿಚಿತ್ರವನ್ನು ನಮ್ಮ ನಾಟಕ ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ಪರದೆಯ ಹಿಂದಿನ ಶ್ರಮಜೀವಿಗೂ ಪರದೆಯ ಮುಂದಿನ ಪ್ರತಿಭಾವಂತನಿಗೂ ನಡುವೆ ಇದ್ದ ಈ ನಂಟು ಕಂಪನಿ ನಾಟಕದ ಪ್ರಾಣನಾಡಿ.

ತುಮಕೂರಿಗೆ ಸಮೀಪದ ಬೆಳ್ಳಾವೆಯ ನರಹರಿಶಾಸ್ತ್ರಿಗಳು ಈ ಕಟ್ಟುಗಳನ್ನೆಲ್ಲ ಬಲ್ಲ ಕವಿ. ಅವರ ‘ಸದಾರಮೆ’ಯಲ್ಲಿ ನಾಯಿಕೆಯನ್ನು ಅಪಹರಿಸಲೆಳಸಿ, ಕೊನೆಗೆ ಅವಳ ಬುದ್ಧಿಯ ಮುಂದೆ ಸೋಲುವ ಕಳ್ಳನೊಬ್ಬನಿದ್ದಾನೆ. ಮುದ್ರಿತವಾದ ನಾಟಕದಲ್ಲಿ ಆ ಭಾಗವನ್ನು ಓದಿದವರಿಗೆ, ಇಷ್ಟರಿಂದ ಕಳ್ಳನ ಪಾತ್ರ ವಹಿಸಿದ ವೀರಣ್ಣನವರು ಅಷ್ಟು ಹೆಸರು ಗಳಿಸಿದುದು ಹೇಗೆಂದು ಆಶ್ಚರ್ಯವಾಗದೆ ಇರದು. ಅದರ ಕಾರಣ ಪುಸ್ತಕದಲ್ಲಿಲ್ಲ. ಕಳ್ಳನು ಯಾವ ಊರಿನಲ್ಲಿ ನಿಂತನೋ ಆ ಊರಿನ ಕಳ್ಳನಾಗುತ್ತಿದ್ದನು. ತುಮಕೂರಿನ ಸಭೆಗೆ ಆಡಿದ ಮಾತು ದಾವಣಗೆರೆಯ ಸಭೆಗೆ ಸಲ್ಲದು. ಮುಂದಿನ ಸಾಲಿನ ಗೃಹಸ್ಥರೊಬ್ಬರು ಕೆಮ್ಮಿದರೆ ಆ ಕೆಮ್ಮಿಗೂ ನಾಟಕದಲ್ಲಿ ಒಂದು ಸ್ಥಾನ ದೊರೆಯಬೇಕು. ಎದುರಿಗೆ ನಿಂತ ಸದಾರಮೆಯ ಪಾತ್ರಧಾರಿಣಿಯೂ ಅಷ್ಟೇ ಎಚ್ಚರದಿಂದ ಇರಬೇಕಾಗಿದ್ದಿತು, ಏಕೆಂದರೆ ಕಥೆಯ ಸೂತ್ರವನ್ನು ಕೈಬಿಡದೆ ಕಳ್ಳನನ್ನು ಮತ್ತೆ ದಾರಿಗೆ ತರುವ ಹೊಣೆ ಆಕೆಯದು. ಬಿ. ಜಯಮ್ಮನವರಂತಹ ನಟಿಯರ ಕೌಶಲ ಹಾಡಿನಲ್ಲಿ ಮಾತ್ರವಲ್ಲದೆ ಇದರಲ್ಲಿಯೂ ಇದ್ದಿತು. ಮುಂದೆ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಆ ದಿನದ ವರ್ತಮಾನ ಪತ್ರಿಕೆಯನ್ನೇ ರಂಗಕ್ಕೆ ಎಳೆದು ತಂದುದು ಇದೇ ಪರಂಪರೆಯ ಫಲ.

ಸಭೆಯೂ ಸುಮ್ಮನೆ ಕೂಡುತ್ತಿರಲಿಲ್ಲ. ಹಾಡು ಮನಸ್ಸಿಗೆ ಹಿಡಿಸಿತೋ, ‘ಒನ್ಸ್ ಮೋರ್’ ಎಂಬ ಕೂಗು ಏಳುವುದು. ಸತ್ತು ಬಿದ್ದಿದ್ದ ವೀರನಾದರೂ ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯಬೇಕು. ಇದನ್ನು ಅನೌಚಿತ್ಯವೆಂದು ವಿಮರ್ಶಕರು ಹೀಗಳೆದುದುಂಟು. ನಾನು ಅವರ ಪಕ್ಷದವನಲ್ಲ. ನಾಟಕದ ಗತಿಯನ್ನು ನಿಲ್ಲಿಸುವ, ಹಿಂದಿರುಗಿಸುವ ಅಧಿಕಾರವನ್ನು ಪ್ರೇಕ್ಷಕನು ತನ್ನ ಕೈಯಲ್ಲಿ ಇರಿಸಿಕೊಂಡಿದ್ದನೆಂಬುದೇ ಅಲ್ಲಿ ಮುಖ್ಯವಾದ ಸಂಗತಿ.

ಸಿನಿಮಾ ಬಂದಿತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು ಹಾಡುಗಳನ್ನು ಬರೆದವರೂ ಬೆಳ್ಳಾವೆ ನರಹರಿಶಾಸ್ತ್ರಿಗಳೇ, ಮರುವರ್ಷ, 1935ರಲ್ಲಿ, ‘ಸದಾರಮೆ’ಯೇ ಚಿತ್ರವಾಗಿ ವೀರಣ್ಣನವರೇ ಅದರಲ್ಲಿ ಅಭಿನಯಿಸಿದರು. ಯಂತ್ರವನ್ನು ಅವರು ದ್ವೇಷಿಸಿದವರಲ್ಲ. ಮೂಕಿಚಿತ್ರಗಳ ಕಾಲದಿಂದಲೂ ಅದರಲ್ಲಿ ಹಣವನ್ನೂ ಶ್ರಮವನ್ನೂ ಹೂಡಿದವರು, 1954ರಲ್ಲಿ ‘ಬೇಡರ ಕಣ್ಣಪ್ಪ’ನ ಮೂಲಕ ರಾಜಕುಮಾರರನ್ನು ನಾಡಿಗೆ ಕೊಟ್ಟ ನಿರ್ಮಾಪಕರಲ್ಲಿ ಒಬ್ಬರು. ಕುಣಿಗಲಿನ ಹೆಸರನ್ನು ತಮ್ಮ ಹೆಸರಿನ ಮೊದಲಿಗೆ ಹೊತ್ತ ಕು.ರಾ. ಸೀತಾರಾಮಶಾಸ್ತ್ರಿಗಳೂ ಚಿತ್ರರಂಗದಲ್ಲಿ ನೆಲೆಸಿ ‘ಅಣ್ಣ ತಂಗಿ’, ‘ರಾಣಿ ಹೊನ್ನಮ್ಮ’ದಂತಹ ಚಿತ್ರಗಳನ್ನು ನಿರ್ದೇಶಿಸಿದರು. ಸಿನಿಮಾ ಕೊಟ್ಟುದು ಬಹಳ: ಕಾಡಿನ ಪರದೆಯ ಬದಲು ಕಾಡು, ದೂರದ ಹಳ್ಳಿಗೂ ಅದೇ ಕಂಠ, ಅದೇ ಮುಖ. ಆದರೆ ಅಲ್ಲಿ ಒಂದು ದೃಶ್ಯಕ್ಕೂ ಮತ್ತೊಂದಕ್ಕೂ ನಡುವೆ ಕಾಯಬೇಕಾದುದೇ ಇಲ್ಲ. ಕಾಯಬೇಕಾದುದಿಲ್ಲವಾದುದರಿಂದ ಬೀದಿಯ ಪರದೆಯೂ ಇಲ್ಲ. ಕಳ್ಳನು ಚಿತ್ರಶಾಲೆಯಲ್ಲಿ ಒಂದು ದಿನ ಆಡಿದ ಮಾತೇ ಎಲ್ಲ ಊರುಗಳಿಗೂ, ಎಲ್ಲ ಕಾಲಕ್ಕೂ ಅವನ ಮಾತಾಯಿತು.

ಈಗ ದೂರದೇಶದ ಒಂದು ವೃತ್ತಾಂತಕ್ಕೆ ಬರೋಣ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುವುದು. ಒಬ್ಬನು ಮಾತ್ರ ಲೋಕವೆಲ್ಲವನ್ನೂ ವಹಿಸಿಕೊಂಡು, ಎದುರಾದ ಪ್ರತಿಯೊಬ್ಬರ ಪರವಾಗಿ ಮಾತನಾಡುವುದು. ಸಂದೇಹ ಬಂದೆಡೆ ದಾಳ ಉರುಳಿಸಿ ನಿಯಮದ ಪುಸ್ತಕವನ್ನು ನೋಡುವುದು. ವೇಷವಿಲ್ಲ, ರಂಗವಿಲ್ಲ, ನಿಯಮ ಗಟ್ಟಿ, ಮಾತು ಮುಕ್ತ. ತಾಳಮದ್ದಳೆಯನ್ನು ಕಂಡ ಕನ್ನಡಿಗನಿಗೆ ಇದರಲ್ಲಿ ಅಪರಿಚಿತವಾದುದು ಬಹಳವಿಲ್ಲ. ಸ್ವಲ್ಪಕಾಲದಲ್ಲಿಯೇ ಈ ಆಟ ಕಂಪ್ಯೂಟರಿಗೆ ಏರಿತು. ಅನಂತರ, ಆಡುವವರೇ ತಮ್ಮ ಕಥೆಗಳನ್ನು ಕಟ್ಟಿಕೊಳ್ಳಲೆಂದು ಸಲಕರಣೆಗಳೂ ಬಂದುವು: 1984ರ ‘ಅಡ್ವೆಂಚರ್ ಕನ್‌ಸ್ಟ್ರಕ್ಷನ್ ಸೆಟ್’, 1993ರ ‘ಅನ್‌ಲಿಮಿಟೆಡ್ ಅಡ್ವೆಂಚರ್ಸ್’, ಜಪಾನಿನಿಂದ ಹೊರಟು ಲೋಕವೆಲ್ಲ ಹಬ್ಬಿದ ‘ಆರ್‌ಪಿಜಿ ಮೇಕರ್’. ಇವುಗಳಲ್ಲಿ ಕೋಟೆಯ ಗೋಡೆ, ಕಾಡಿನ ಮರ, ಪೇಟೆಯ ಬೀದಿ ಮೊದಲಾದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಕಥೆಗಾರನು ಅವನ್ನು ಜೋಡಿಸಿ, ಇಂಥ ಚೌಕಕ್ಕೆ ಕಾಲಿಟ್ಟರೆ ಇಂಥದು ನಡೆಯಲಿ ಎಂದು ಬರೆದಿಡುತ್ತಾನೆ.

ಕಂಪನಿಯ ಕವಿಗೆ ಇದ್ದ ಪರದೆಯ ಕಟ್ಟು ಇಲ್ಲಿಯೂ ಇದೆ, ಮತ್ತು ಅದು ದೊಡ್ಡ ದೋಷವಲ್ಲ. ಇದ್ದಷ್ಟರಲ್ಲಿ ಕಟ್ಟುವುದು ಕಲೆಗಾರನಿಗೆ ಹೊಸತಲ್ಲ. ಐದು ಪರದೆಗಳಲ್ಲಿ ಕನ್ನಡಿಗರು ಮಹಾಭಾರತವನ್ನು ಕಂಡಿದ್ದಾರೆ. ತೊಡಕು ಬರುವುದು ಮಾತಿನಲ್ಲಿ. ಕೋಟೆಯ ಬಾಗಿಲಿನಲ್ಲಿ ಒಬ್ಬ ಕಾವಲುಗಾರನಿದ್ದಾನೆ ಎಂದಿಟ್ಟುಕೊಳ್ಳೋಣ. ಸಲಕರಣೆಯಲ್ಲಿ ಕಥೆ ಕಟ್ಟಿದವನು ಮೂರು ಮಾತುಗಳನ್ನು ಬರೆದಿಟ್ಟಿದ್ದಾನೆ: ಹೋರಾಡುತ್ತೇನೆ, ಲಂಚ ಕೊಡುತ್ತೇನೆ, ಹಿಂದಿರುಗುತ್ತೇನೆ. ಆಡುವವನು ಇವುಗಳಲ್ಲಿ ಒಂದನ್ನು ಆರಿಸಬೇಕು. ಮೇಜಿನ ಸುತ್ತ ಕುಳಿತ ಆಟದಲ್ಲಿಯಾದರೆ ಒಬ್ಬನು, ‘ಇವನು ನಮ್ಮೂರಿನ ಕಡೆಯವನಂತೆ ಕಾಣುತ್ತಾನೆ, ಮಗಳ ಮದುವೆಯಾಯಿತೇ ಎಂದು ವಿಚಾರಿಸುತ್ತೇನೆ’ ಎಂದುಬಿಡಬಹುದು. ಆಟ ನಡೆಸುವವನು ಆ ಕ್ಷಣದ ತನಕ ಆ ಕಾವಲುಗಾರನಿಗೆ ಮಗಳಿರುವಳೆಂದೇ ಎಣಿಸಿರಲಿಲ್ಲ. ಈಗ ಅವಳಿದ್ದಾಳೆ, ಅವಳ ಮದುವೆಗೆ ಸಾಲವಾಗಿದೆ, ಆ ಸಾಲ ಕೊಟ್ಟವನು ಕೋಟೆಯ ಒಡೆಯನೇ ಆಗಿದ್ದಾನೆ, ಮತ್ತು ಕಥೆ ಯಾರೂ ನೆನೆಯದ ಕಡೆಗೆ ತಿರುಗಿದೆ. ಮೂರು ಮಾತಿನ ಬದಲು ಮುನ್ನೂರು ಬರೆದಿಟ್ಟರೂ ಸಲಕರಣೆಗೆ ಇದು ಸಾಧ್ಯವಾಗದು, ಏಕೆಂದರೆ ಬರೆದವನು ಆಟದ ಹೊತ್ತಿನಲ್ಲಿ ಅಲ್ಲಿರುವುದಿಲ್ಲ. ಸಿನಿಮಾದ ಕಳ್ಳನಿಗೆ ಒದಗಿದ ಗತಿಯೇ ಈ ಕಾವಲುಗಾರನಿಗೂ ಒದಗಿದೆ.

ಇದನ್ನು ಆ ಕೆಲಸದವರು ಅರಿಯದೆ ಇಲ್ಲ. 2002ರಲ್ಲಿ ಬಯೋವೇರ್ ಸಂಸ್ಥೆ ‘ನೆವರ್‌ವಿಂಟರ್ ನೈಟ್ಸ್’ ಎಂಬ ಆಟವನ್ನು ಹೊರತಂದಾಗ, ಕಥೆ ಕಟ್ಟಲು ‘ಅರೋರಾ’ ಎಂಬ ಸಲಕರಣೆಯನ್ನು ಕೊಟ್ಟುದಲ್ಲದೆ, ಆಟ ನಡೆಯುತ್ತಿರುವಾಗಲೇ ಒಬ್ಬ ಮನುಷ್ಯನು ಅದರೊಳಗೆ ಅದೃಶ್ಯನಾಗಿ ಪ್ರವೇಶಿಸಿ, ಬೇಕೆನಿಸಿದ ಪಾತ್ರದ ಮೈಯಲ್ಲಿ ನಿಂತು, ಅದರ ಪರವಾಗಿ ತಾನೇ ಮಾತನಾಡುವ ಏರ್ಪಾಟನ್ನೂ ಮಾಡಿತು. ಸಿದ್ಧಪಡಿಸಿಟ್ಟ ಯಂತ್ರದ ನಡುವೆ ಭಾಗವತನಿಗೆ ಒಂದು ಮಣೆ ಹಾಕಿದಂತಾಯಿತು. ಗುಬ್ಬಿಯ ರಂಗದಲ್ಲಿ ಭಾರದಿಂದ, ನಿಧಾನದಿಂದ ತಾನಾಗಿಯೇ ಉಂಟಾದ ಬಿಡುವನ್ನು ಇಲ್ಲಿ ಬುದ್ಧಿಪೂರ್ವಕವಾಗಿ ನಿರ್ಮಿಸಬೇಕಾಯಿತು. ಯಂತ್ರದ ವೇಗ ಹೆಚ್ಚಿದಂತೆಲ್ಲ ಬಿಡುವು ತಾನಾಗಿ ದೊರೆಯದು. ಯಾರಾದರೂ ನೆನಪಿಟ್ಟು ಅದನ್ನು ಬಿಡಬೇಕು.

ನಮ್ಮ ಸೀಮೆಯಲ್ಲಿ ಆ ಬಿಡುವು ಇನ್ನೂ ಪೂರ್ಣವಾಗಿ ಮುಚ್ಚಿಲ್ಲ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರ ಸ್ಪಂದನ ತಂಡ ‘ಸದಾರಮೆ’ಯನ್ನು ಹೊಸ ತಲೆಮಾರಿನ ಮುಂದೆ ಆಡಿ ತೋರಿಸಿತು. ಅದಕ್ಕಿಂತಲೂ ವ್ಯಾಪಕವಾಗಿ, ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿಯೂ, ಗುಬ್ಬಿ ಕುಣಿಗಲು ತಾಲ್ಲೂಕುಗಳ ಜಾತ್ರೆಯ ಚಪ್ಪರಗಳಲ್ಲಿಯೂ ಹವ್ಯಾಸಿಗಳು ‘ಕುರುಕ್ಷೇತ್ರ’ವನ್ನು ಆಡುತ್ತಲೇ ಇದ್ದಾರೆ. ರೈತರು, ಮೇಷ್ಟ್ರುಗಳು, ಅಂಗಡಿಯವರು ತಮ್ಮ ಕೈಯಿಂದಲೇ ಹಣ ಹಾಕಿ ಪಾತ್ರ ವಹಿಸುತ್ತಾರೆ. ದುರ್ಯೋಧನನಾಗುವವನು ಹೆಚ್ಚು ಹಾಕಬೇಕು. ಪರದೆಗಳೂ ಕಿರೀಟಗಳೂ ಸೀನರಿಯವರಿಂದ ಬಾಡಿಗೆಗೆ ಬರುತ್ತವೆ. ಅಲ್ಲಿ ರಂಗದ ಪಕ್ಕಕ್ಕೆ ಹಾರ್ಮೋನಿಯಂ ಇಟ್ಟುಕೊಂಡು ಕುಳಿತ ನಾಟಕದ ಮೇಷ್ಟ್ರನ್ನು ಗಮನವಿಟ್ಟು ನೋಡಬೇಕು. ಕೃಷ್ಣನ ಕಂಠ ನಡುರಾತ್ರಿಗೆ ಬಿದ್ದುಹೋದರೆ ಅವರು ಸಭೆಗೆ ತಿಳಿಯದಂತೆ ಶ್ರುತಿಯನ್ನು ಅರ್ಧ ಮನೆ ಇಳಿಸುತ್ತಾರೆ. ಕರ್ಣನು ಮಾತು ಮರೆತು ನಿಂತರೆ ಮುಂದಿನ ಕಂದದ ಮೊದಲ ಸ್ವರವನ್ನು ಒತ್ತಿ ನೆನಪು ಕೊಡುತ್ತಾರೆ. ಭೀಮನ ಬಂಧುಗಳು ಹಾರ ಹಿಡಿದು ರಂಗವನ್ನೇ ಏರಿಬಂದರೆ, ಆ ಸನ್ಮಾನ ಮುಗಿಯುವ ತನಕ ಯುದ್ಧದ ಮಟ್ಟನ್ನು ಮೆಲ್ಲನೆ ನುಡಿಸುತ್ತ ದ್ವಾಪರಯುಗವನ್ನು ಅಲ್ಲಿಯೇ ನಿಲ್ಲಿಸಿಕೊಂಡಿರುತ್ತಾರೆ.

ನಾಟಕದ ಪುಸ್ತಕಗಳು ಅಚ್ಚಾಗಿ ಉಳಿದಿವೆ. ಹಳೆಯ ಚಿತ್ರಗಳನ್ನೂ ಧ್ವನಿಮುದ್ರಿಕೆಗಳನ್ನೂ ಕಾಪಾಡುವ ಮಾತು ಅಲ್ಲಲ್ಲಿ ಕೇಳಿಬರುತ್ತಿದೆ. ಈ ಮೇಷ್ಟ್ರುಗಳ ವಿದ್ಯೆ ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಯಾವ ತಪ್ಪಿಗೆ ಯಾವ ಸ್ವರ, ಯಾವ ತಡಕ್ಕೆ ಯಾವ ಪದ, ಸಭೆ ಬೇಸರಗೊಂಡುದನ್ನು ಯಾವ ಸದ್ದಿನಿಂದ ತಿಳಿಯುವುದು ಎಂಬುದನ್ನು ಅವರ ಮುಂದೆ ಕುಳಿತು ಕೇಳಿ ಬರೆದುಕೊಳ್ಳುವ ಕೆಲಸ ತುಮಕೂರಿನ ವಿಶ್ವವಿದ್ಯಾ­ನಿಲಯಕ್ಕೂ ನಾಟಕ ಅಕಾಡೆಮಿಗೂ ಬಾಕಿ ಉಳಿದಿದೆ. ಕಂಪ್ಯೂಟರಿನಲ್ಲಿ ಕಥೆ ಕಟ್ಟುವ ಕನ್ನಡದ ಹುಡುಗ ಹುಡುಗಿಯರು ಈ ನಡುವೆ ಬೆಂಗಳೂರಿನಲ್ಲಿ ಇದ್ದಾರೆ. ಅವರಲ್ಲಿ ಹಲವರು ಈ ಸೀಮೆಯವರೇ. ಆ ಬರವಣಿಗೆ ಸಿದ್ಧವಾದರೆ ಅದರ ಮೊದಲ ಪ್ರತಿ ಅವರ ಕೈಗೆ ಹೋಗಬೇಕು.